ಮಗಳ ಮೊಬೈಲಿನಲ್ಲಿ ಡೇಟಿಂಗ್ ಆ್ಯಪ್: ಆರಿಸುವ ಮುಂಚೆ ಏನು ನೋಡಬೇಕು?



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ ಲೆಕ್ಕ, ರಕ್ತಹೀನತೆ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಆದರೆ ಡೇಟಿಂಗ್ ಆ್ಯಪ್ ಎಂಬ ಮಾತು ಬಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗಿ ಬಿಡುತ್ತೇವೆ. "ನಮ್ಮ ಮಕ್ಕಳು ಅಂಥವರಲ್ಲ" ಅಂತ ಯಾರಾದರೂ ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಮಗಳು ಡಿಗ್ರಿಗೆ ಅಂತ ಮಂಗಳೂರಿಗೋ ಮೈಸೂರಿಗೋ ಬೆಂಗಳೂರಿಗೋ ಹೋಗಿ ಪಿ.ಜಿ.ಯಲ್ಲಿ ಇರುತ್ತಾಳೆ. ಅವಳ ರೂಮಿನ ನಾಲ್ಕು ಹುಡುಗಿಯರಲ್ಲಿ ಒಬ್ಬಳ ಮೊಬೈಲಿನಲ್ಲಾದರೂ ಇಂಥ ಆ್ಯಪ್ ಇದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಒಬ್ಬಳು ನಮ್ಮವಳೇ ಆಗಿರಬಹುದು. ಅದು ಇರಬೇಕೋ ಬೇಡವೋ ಎಂದು ತೀರ್ಪು ಕೊಡಲು ಈ ಪಾಠ ಬರೆದದ್ದಲ್ಲ. ಇದ್ದರೆ ಯಾವುದು ಇರಲಿ, ಹೇಗೆ ಇರಲಿ, ಏನಾದರೂ ಎಡವಟ್ಟಾದರೆ ಅವಳು ಯಾರ ಹತ್ತಿರ ಬರಬೇಕು, ಇದಿಷ್ಟನ್ನು ತಿಳಿದುಕೊಳ್ಳೋಣ.

ಸಭೆಯಲ್ಲಿ ಒಬ್ಬರು ಇದನ್ನು ಗಟ್ಟಿಯಾಗಿ ಓದಿ. ಸಾಧ್ಯವಾದರೆ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ್ಯಪ್ ವಿಷಯದಲ್ಲಿ ಅವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಮನುಷ್ಯರ ವಿಷಯದಲ್ಲಿ ನಮಗೆ ಸ್ವಲ್ಪ ಹೆಚ್ಚು ಗೊತ್ತು.

ಈ ಆ್ಯಪ್ ಕೆಲಸ ಮಾಡುವುದು ಹೇಗೆ?

ಮ್ಯಾಟ್ರಿಮನಿ ಅಂದರೆ ನಮಗೆಲ್ಲ ಗೊತ್ತು. ಅಲ್ಲಿ ತಂದೆತಾಯಿ ಕೂತು ಮನೆತನ, ಓದು, ಕೆಲಸ ನೋಡುತ್ತಾರೆ. ಡೇಟಿಂಗ್ ಆ್ಯಪ್‌ನಲ್ಲಿ ಹುಡುಗ ಹುಡುಗಿ ತಾವೇ ನೋಡಿಕೊಳ್ಳುತ್ತಾರೆ. ಹೆಸರು, ವಯಸ್ಸು, ನಾಲ್ಕೈದು ಫೋಟೊ, ತನ್ನ ಬಗ್ಗೆ ಎರಡು ಸಾಲು. ಅಷ್ಟಾದರೆ ಅಕೌಂಟ್ ಸಿದ್ಧ. ಹತ್ತಿರದಲ್ಲಿರುವ ಬೇರೆಯವರ ಫೋಟೊಗಳು ಒಂದೊಂದಾಗಿ ಬರುತ್ತವೆ. ಇಷ್ಟವಾದರೆ ಬೆರಳಿನಿಂದ ಬಲಕ್ಕೆ ಸರಿಸುವುದು, ಬೇಡವಾದರೆ ಎಡಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ಬಲಕ್ಕೆ ಸರಿಸಿದರೆ ಅದಕ್ಕೆ ಮ್ಯಾಚ್ ಎನ್ನುತ್ತಾರೆ, ಆಮೇಲೆ ಚಾಟ್ ಶುರು. ಇಂತಿಷ್ಟು ಕಿಲೋಮೀಟರ್ ದೂರದಲ್ಲಿದ್ದಾನೆ ಎಂದು ತೋರಿಸುವ ಆ್ಯಪ್‌ಗಳೂ ಇವೆ.

ಟಿಂಡರ್ ಎಂಬುದು 2012ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಬಂಬಲ್ 2014ರಲ್ಲಿ ಹುಟ್ಟಿ 2018ರ ಕೊನೆಯಲ್ಲಿ ಭಾರತಕ್ಕೆ ಬಂತು. ಐಲ್ ಎಂಬುದು ನಮ್ಮ ಬೆಂಗಳೂರಿನದ್ದೇ, ಅದೂ 2014ರದ್ದು. ಇವುಗಳಿಂದ ಒಳ್ಳೆಯ ಸಂಗಾತಿ ಸಿಕ್ಕಿ ಮದುವೆಯಾಗಿ ಚೆನ್ನಾಗಿ ಬಾಳುತ್ತಿರುವವರು ಇದ್ದಾರೆ. ಹಾಗಾಗಿ ಆ್ಯಪ್ ಇಟ್ಟುಕೊಂಡವರೆಲ್ಲ ಕೆಟ್ಟವರು ಎಂಬ ಮಾತು ಸರಿಯಲ್ಲ.

ಆದರೆ ಒಂದು ವಿಷಯದಲ್ಲಿ ಯಾವ ಸಡಿಲವೂ ಇಲ್ಲ. ಈ ಆ್ಯಪ್‌ಗಳು 18 ವರ್ಷ ತುಂಬಿದವರಿಗೆ ಮಾತ್ರ. ಪಿಯುಸಿ ಓದುವ 16, 17ರ ಹುಡುಗಿ ಸುಳ್ಳು ವಯಸ್ಸು ಹಾಕಿ ಒಳಗೆ ಹೋದರೆ, ಅಲ್ಲಿರುವವರು ಅವಳನ್ನು ದೊಡ್ಡವಳು ಅಂತಲೇ ತಿಳಿದು ಮಾತಾಡುತ್ತಾರೆ. ಪಿಯುಸಿ ಮಕ್ಕಳಿಗೆ "ಈಗ ಬೇಡ" ಎಂದು ನೇರವಾಗಿ ಹೇಳಿ, ಕಾರಣವನ್ನೂ ಹೇಳಿ.

ದೆಹಲಿಯಲ್ಲಿ ನಡೆದದ್ದು

2025ರ ಜನವರಿ ಮೊದಲ ವಾರ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ದೆಹಲಿ ವಿಶ್ವವಿದ್ಯಾಲಯದ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು 2024ರ ಆರಂಭದಲ್ಲಿ ಬಂಬಲ್ ಆ್ಯಪ್‌ನಲ್ಲಿ ಒಬ್ಬನ ಪರಿಚಯ ಮಾಡಿಕೊಂಡಿದ್ದಳು. ತಾನು ಅಮೆರಿಕದಲ್ಲಿರುವ ಮಾಡೆಲ್, ಕೆಲಸದ ಮೇಲೆ ಭಾರತಕ್ಕೆ ಬಂದಿದ್ದೇನೆ ಅಂತ ಅವನು ಹೇಳಿಕೊಂಡಿದ್ದ. ಮಾತು ಬೆಳೆಯಿತು, ಸಲಿಗೆ ಬೆಳೆಯಿತು, ಅವಳು ತನ್ನ ಖಾಸಗಿ ಫೋಟೊ ವಿಡಿಯೊ ಕಳಿಸಿದಳು. ಎದುರು ಭೇಟಿಯಾಗೋಣ ಅಂದಾಗಲೆಲ್ಲ ಅವನದ್ದು ಏನಾದರೊಂದು ನೆಪ. ಕೊನೆಗೆ ಒಂದು ದಿನ ಅವಳದೇ ವಿಡಿಯೊ ಅವಳಿಗೇ ಕಳಿಸಿ, ದುಡ್ಡು ಕೊಡು, ಇಲ್ಲದಿದ್ದರೆ ಎಲ್ಲ ಕಡೆ ಹಾಕುತ್ತೇನೆ ಅಂದ. ಹೆದರಿ ಅವಳು ತನ್ನ ಕೈಲಾದಷ್ಟು ಸ್ವಲ್ಪ ಕಳಿಸಿದಳು. ಅವನು ಇನ್ನೂ ಕೇಳಿದ.

ಆಗ ಆ ಹುಡುಗಿ ಮನೆಯವರಿಗೆ ಹೇಳಿದಳು. 2024ರ ಡಿಸೆಂಬರಿನಲ್ಲಿ ಸೈಬರ್ ಪೊಲೀಸರಿಗೆ ದೂರು ಹೋಯಿತು. ಪೊಲೀಸರು ಹಿಡಿದಾಗ ನೋಡಿದರೆ ಅವನು ದೆಹಲಿಯಲ್ಲೇ ಇರುವ 23 ವರ್ಷದ ಹುಡುಗ, ಖಾಸಗಿ ಕಂಪನಿಯಲ್ಲಿ ಕೆಲಸ. ಫೋಟೊ ಬ್ರೆಜಿಲ್ ದೇಶದ ಒಬ್ಬ ಮಾಡೆಲ್‌ನದು, ನಂಬರ್ ಆ್ಯಪ್‌ನಿಂದ ಪಡೆದ ವಿದೇಶಿ ನಂಬರ್. ಬಂಬಲ್‌ನಲ್ಲಿ 500ಕ್ಕೂ ಹೆಚ್ಚು, ಸ್ನ್ಯಾಪ್‌ಚಾಟ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ 200ರಷ್ಟು ಹೆಣ್ಣುಮಕ್ಕಳ ಜೊತೆ ಅವನು ಹೀಗೆ ಸಂಪರ್ಕ ಮಾಡಿದ್ದ ಎಂದು ಪೊಲೀಸರು ಹೇಳಿದರು.

ಏಳುನೂರು ಜನ! ಅಷ್ಟು ಮಂದಿಯಲ್ಲಿ ದುಡ್ಡು ಕೊಟ್ಟು ಸುಮ್ಮನಾದವರು ಎಷ್ಟೋ. ಒಬ್ಬಳು ಮನೆಯಲ್ಲಿ ಬಾಯಿಬಿಟ್ಟದ್ದರಿಂದ ಅವನು ಸಿಕ್ಕಿಬಿದ್ದ. ಆ್ಯಪ್ ಆರಿಸುವ ಮಾತಿಗೆ ಬರುವ ಮುಂಚೆ ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಬಂಬಲ್ ಯಾವುದೋ ಹಾದಿಬೀದಿಯ ಆ್ಯಪ್ ಅಲ್ಲ. ಹೆಣ್ಣುಮಕ್ಕಳ ಅನುಕೂಲಕ್ಕೆಂದೇ ಹೆಸರು ಮಾಡಿದ್ದು. ಮೊದಲ ಮಾತು ಹೆಣ್ಣೇ ಆಡಬೇಕು ಎಂಬ ನಿಯಮ ಅಲ್ಲಿ ಬಹಳ ವರ್ಷ ಇತ್ತು. 2024ರಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿ, ಹುಡುಗಿ ಮೊದಲೇ ಒಂದು ಪ್ರಶ್ನೆ ಇಟ್ಟರೆ ಹುಡುಗ ಅದಕ್ಕೆ ಉತ್ತರ ಕೊಟ್ಟು ಮಾತು ಶುರು ಮಾಡಬಹುದು ಅಂತ ಮಾಡಿದರು. ಇಂಥ ಆ್ಯಪ್‌ನಲ್ಲೇ ಹೀಗಾಯಿತು. ಅಂದ ಮೇಲೆ ಒಳ್ಳೆಯ ಆ್ಯಪ್ ಬೇಕು ನಿಜ, ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಆರಿಸುವಾಗ ನೋಡಬೇಕಾದದ್ದು

ಮೊದಲನೆಯದಾಗಿ, ಆ್ಯಪ್ ಎಲ್ಲಿಂದ ಬಂತು? ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಹಾಕಿಕೊಂಡ ಆ್ಯಪ್ ಬೇಡವೇ ಬೇಡ. ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಬೇಕು. ಅಲ್ಲಿಯೂ ಕಂಪನಿಯ ಹೆಸರು, ಎಷ್ಟು ಜನ ಹಾಕಿಕೊಂಡಿದ್ದಾರೆ, ಕಡಿಮೆ ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಎಂದು ನೋಡಬೇಕು. ಐದು ಸ್ಟಾರ್ ಕೊಟ್ಟವರ ಹೊಗಳಿಕೆ ಓದಿ ಉಪಯೋಗವಿಲ್ಲ. ಒಂದು ಸ್ಟಾರ್ ಕೊಟ್ಟವರು "ದುಡ್ಡು ಹೋಯಿತು", "ನಕಲಿ ಅಕೌಂಟ್", "ದೂರು ಕೊಟ್ಟರೂ ಉತ್ತರವಿಲ್ಲ" ಅಂತ ಸಾಲಾಗಿ ಬರೆದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನಿಮಿಷಕ್ಕೆ ಇಷ್ಟು ನಾಣ್ಯ ಅಂತ ದುಡ್ಡು ಕಟ್ಟಿಸಿಕೊಂಡು ಅಪರಿಚಿತರ ಜೊತೆ ಮಾತಾಡಿಸುವ ಆ್ಯಪ್‌ಗಳೂ ಬೇಕಾದಷ್ಟಿವೆ. ಅವು ಸಂಗಾತಿ ಹುಡುಕುವ ಆ್ಯಪ್ ಅಲ್ಲ, ದುಡ್ಡು ಮಾಡುವ ಅಂಗಡಿ.

ಎರಡನೆಯದು, ದೂರು ಕೊಡಬೇಕಾದರೆ ಯಾರಿಗೆ? ನಮ್ಮ ದೇಶದ 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕು. ಆ್ಯಪ್‌ನ ಸಹಾಯ ಪುಟದಲ್ಲಿ ಮಗಳಿಗೇ ಹುಡುಕಲು ಹೇಳಿ. ಹತ್ತು ನಿಮಿಷ ಹುಡುಕಿದರೂ ಸಿಗಲಿಲ್ಲವಾದರೆ, ನಾಳೆ ತೊಂದರೆಯಾದಾಗಲೂ ಸಿಗುವುದಿಲ್ಲ. ನನ್ನ ಪ್ರಕಾರ ಒಂದು ಆ್ಯಪ್ ಗಟ್ಟಿಯೋ ಪೊಳ್ಳೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಮೂರನೆಯದು, ಅದು ನಮ್ಮಿಂದ ಏನೇನು ಕೇಳುತ್ತದೆ? ಕ್ಯಾಮೆರಾ ಕೇಳಿದರೆ ಅರ್ಥವಿದೆ. ಫೋನಿನಲ್ಲಿರುವ ಎಸ್‌ಎಂಎಸ್ ಓದಲು ಅನುಮತಿ ಯಾಕೆ ಬೇಕು? ಲೊಕೇಶನ್ ಕೇಳಿದರೆ "ಆ್ಯಪ್ ಬಳಸುವಾಗ ಮಾತ್ರ" ಎಂಬುದನ್ನು ಆರಿಸಬೇಕು. ಮನೆ ಯಾವ ಓಣಿಯಲ್ಲಿದೆ ಎಂದು ರಾತ್ರಿಹಗಲು ಅದಕ್ಕೆ ಗೊತ್ತಾಗುವುದು ಬೇಡ.

ಇಲ್ಲಿ ಅಮೆರಿಕದ ಒಂದು ಘಟನೆ ಹೇಳಲೇಬೇಕು. ಟೀ ಎಂಬ ಹೆಸರಿನ ಆ್ಯಪ್ ಅಲ್ಲಿ ಹೆಂಗಸರಿಗೆಂದೇ ಇತ್ತು. ಡೇಟಿಂಗ್‌ನಲ್ಲಿ ಪರಿಚಯವಾದ ಗಂಡಸು ಎಂಥವನು ಎಂದು ಹೆಂಗಸರು ತಮ್ಮತಮ್ಮಲ್ಲಿ ವಿಚಾರಿಸಿಕೊಳ್ಳುವ ಜಾಗ. ಹೆಣ್ಣೇ ಹೌದು ಎಂದು ಸಾಬೀತು ಮಾಡಲು ಮುಖದ ಫೋಟೊ ತೆಗೆಸಿಕೊಳ್ಳುತ್ತಿದ್ದರು, ಗುರುತಿನ ಚೀಟಿಯ ಫೋಟೊವನ್ನೂ ಇಟ್ಟುಕೊಂಡಿದ್ದರು. 2025ರ ಜುಲೈ ತಿಂಗಳಲ್ಲಿ ಆ ಆ್ಯಪ್‌ನಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಅದರಲ್ಲಿ ಸುಮಾರು 13,000 ಮುಖ ಮತ್ತು ಗುರುತಿನ ಚೀಟಿಯ ಫೋಟೊಗಳು. ಸುರಕ್ಷತೆಗೆಂದು ಕೊಟ್ಟದ್ದೇ ಬೀದಿಪಾಲಾಯಿತು. ಆದ್ದರಿಂದ ಆಧಾರ್ ಕಾರ್ಡ್ ಫೋಟೊವನ್ನು ಹೊಸ, ಹೆಸರು ಕೇಳದ ಆ್ಯಪ್‌ಗೆ ಕೊಡುವ ಮುಂಚೆ ನಾಲ್ಕು ಸಲ ಯೋಚಿಸಬೇಕು.

ನಾಲ್ಕನೆಯದು, ಎದುರಿನವರಿಂದ ಅದು ಏನು ಕೇಳುತ್ತದೆ? ಇದು ಮುಖ್ಯ. ಕೆಲವು ಆ್ಯಪ್‌ಗಳಲ್ಲಿ ಹೆಸರಿನ ಪಕ್ಕ ನೀಲಿ ಟಿಕ್ ಬರುತ್ತದೆ. ಕ್ಯಾಮೆರಾ ಎದುರು ಮುಖ ತೋರಿಸಿ, ಹಾಕಿದ ಫೋಟೊ ತನ್ನದೇ ಎಂದು ಅವನು ಸಾಬೀತು ಮಾಡಿದ್ದಾನೆ ಎಂದರ್ಥ. ಟಿಂಡರ್ 2025ರಲ್ಲಿ ಭಾರತವೂ ಸೇರಿ ಕೆಲವು ದೇಶಗಳಲ್ಲಿ ಹೊಸದಾಗಿ ಸೇರುವವರಿಗೆ ಈ ಮುಖ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಒಳ್ಳೆಯದೇ. ಟಿಕ್ ಇಲ್ಲದವನ ಜೊತೆ ಮಾತು ಬೇಡ ಎಂದು ಮಗಳು ನಿಯಮ ಹಾಕಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಆದರೆ ಆ ಟಿಕ್ ಏನು ಹೇಳುವುದಿಲ್ಲ ಎಂಬುದೂ ಗೊತ್ತಿರಬೇಕು. ನಮ್ಮ ಸಂಘಕ್ಕೆ ಹೊಸ ಸದಸ್ಯೆ ಸೇರುವಾಗ ನಾವು ಆಧಾರ್ ನೋಡಿ ಬಿಡುತ್ತೇವೆಯೇ? ಯಾವ ಮನೆ, ಬೇರೆ ಸಂಘದಲ್ಲಿ ಸಾಲ ಇದೆಯಾ, ಕಂತು ಸರಿಯಾಗಿ ಕಟ್ಟಿದ್ದಾಳಾ ಎಂದು ನಾಲ್ಕು ಜನರಲ್ಲಿ ಕೇಳುತ್ತೇವೆ. ಆ್ಯಪ್‌ನ ಟಿಕ್ ಬರೀ ಮುಖದ ಮಟ್ಟಿಗೆ. ಅವನಿಗೆ ಮದುವೆಯಾಗಿದೆಯೋ, ಹೇಳಿದ ಕೆಲಸ ನಿಜವೋ, ಹಿಂದೆ ಯಾರನ್ನಾದರೂ ಹೊಡೆದಿದ್ದಾನೋ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ಆ ನಾಲ್ಕು ಜನರನ್ನು ಕೇಳುವ ಕೆಲಸ ಹುಡುಗಿಯದೇ, ಅವಳ ಗೆಳತಿಯರದೇ.

ಕೊನೆಯದಾಗಿ ಹೊರಗೆ ಬರುವ ದಾರಿ. ಬ್ಲಾಕ್ ಮಾಡಲು, ದೂರು ಕೊಡಲು, ಅಕೌಂಟನ್ನೇ ಅಳಿಸಲು ಬರುತ್ತದೆಯೇ ನೋಡಬೇಕು. ಫೋನಿನಿಂದ ಆ್ಯಪ್ ತೆಗೆದರೆ ಅಕೌಂಟ್ ಹೋಗುವುದಿಲ್ಲ, ಫೋಟೊ ಅಲ್ಲೇ ತಿರುಗುತ್ತಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಡಿಲೀಟ್ ಮಾಡಬೇಕು. ಅನೇಕರಿಗೆ ಇದು ಗೊತ್ತಿಲ್ಲ.

ಅಕೌಂಟ್ ಮಾಡುವಾಗ, ಮಾತಾಡುವಾಗ

ಕಾಲೇಜಿನ ಐಡಿ ಕಾರ್ಡ್ ಕೊರಳಲ್ಲಿರುವ ಫೋಟೊ, ಯೂನಿಫಾರ್ಮಿನ ಫೋಟೊ, ಪಿ.ಜಿ. ಬಾಗಿಲ ಬೋರ್ಡ್ ಕಾಣುವ ಫೋಟೊ ಹಾಕಬಾರದು. ಮೊದಲ ಹೆಸರು ಸಾಕು. ಇನ್‌ಸ್ಟಾಗ್ರಾಂ ಅಕೌಂಟನ್ನು ಇದಕ್ಕೆ ಜೋಡಿಸಿದರೆ ತಮ್ಮನ ಶಾಲೆಯಿಂದ ಹಿಡಿದು ಊರ ಜಾತ್ರೆಯವರೆಗೆ ಎಲ್ಲವೂ ಅಪರಿಚಿತನ ಕೈಗೆ ಸಿಗುತ್ತದೆ.

ಫೋನ್ ನಂಬರ್ ಬಗ್ಗೆ ಒಂದು ವಿಷಯ ಬಹಳ ಜನ ಯೋಚಿಸಿರುವುದಿಲ್ಲ. ನಂಬರ್ ಕೊಟ್ಟರೆ ಬರೀ ನಂಬರ್ ಕೊಟ್ಟಂತಲ್ಲ. ಆ ನಂಬರಿಗೆ ಯುಪಿಐ ಇದ್ದರೆ, ಪೇಮೆಂಟ್ ಆ್ಯಪ್‌ನಲ್ಲಿ ಹಾಕಿದ ತಕ್ಷಣ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬರುತ್ತದೆ. ಹೆಸರಿನ ಜೊತೆ ಮನೆತನ, ಜಾತಿ, ಊರು ಎಲ್ಲವನ್ನೂ ನಮ್ಮ ಕಡೆ ಜನ ಊಹಿಸಿಬಿಡುತ್ತಾರೆ. ಅದಕ್ಕೇ ನಂಬಿಕೆ ಬರುವವರೆಗೆ ಆ್ಯಪ್ ಒಳಗೇ ಮಾತಾಡುವುದು ಒಳ್ಳೆಯದು. ಬಂಬಲ್‌ನಂಥ ಆ್ಯಪ್‌ನಲ್ಲಿ ನಂಬರ್ ಕೊಡದೆಯೇ ವಿಡಿಯೊ ಕರೆ ಮಾಡಬಹುದು. ಎರಡೇ ದಿನಕ್ಕೆ "ವಾಟ್ಸ್‌ಆ್ಯಪ್‌ಗೆ ಬಾ, ಟೆಲಿಗ್ರಾಂಗೆ ಬಾ" ಎಂದು ಅವಸರ ಮಾಡುವವನು ಯಾಕೆ ಅವಸರ ಮಾಡುತ್ತಾನೆ? ಆ್ಯಪ್‌ನಲ್ಲಿ ಅವನ ಮೇಲೆ ದೂರು ಹೋಗಬಹುದು ಎಂಬ ಭಯ ಇರಬಹುದಲ್ಲವೇ?

ಫೋಟೊ ಅನುಮಾನ ಬಂದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಬಹುದು. ಬೇರೆ ಯಾರದೋ ಫೋಟೊ ಆಗಿದ್ದರೆ ಕೆಲವೊಮ್ಮೆ ಅಲ್ಲೇ ಸಿಕ್ಕಿಬೀಳುತ್ತದೆ. ವಿಡಿಯೊ ಕರೆಗೆ ಒಪ್ಪದವನು, ಭೇಟಿಗೆ ನೆಪ ಹೇಳುತ್ತಾ ಖಾಸಗಿ ಫೋಟೊ ಮಾತ್ರ ಕೇಳುವವನು ದೆಹಲಿಯವನ ಜಾತಿಯೇ. ವಿದೇಶದಿಂದ ಗಿಫ್ಟ್ ಪಾರ್ಸೆಲ್ ಕಳಿಸಿದ್ದೇನೆ, ಕಸ್ಟಮ್ಸ್‌ಗೆ ದುಡ್ಡು ಕಟ್ಟು ಅಂದರೆ ಅದು ಹಳೆಯ ಮೋಸ, ಒಂದು ರೂಪಾಯಿಯೂ ಕಟ್ಟಬಾರದು. ಗಂಡುಮಕ್ಕಳ ತಾಯಂದಿರೂ ಇದನ್ನು ಕೇಳಿಸಿಕೊಳ್ಳಿ. ಹುಡುಗಿಯ ಹೆಸರಿನಲ್ಲಿ ಹುಡುಗರನ್ನು ವಿಡಿಯೊ ಕರೆಗೆ ಎಳೆದು, ರೆಕಾರ್ಡ್ ಮಾಡಿ ದುಡ್ಡು ಕೀಳುವವರು ಕಡಿಮೆಯಿಲ್ಲ.

ಮೊದಲ ಭೇಟಿ ಹಗಲಿನಲ್ಲಿ, ಜನ ಇರುವ ಹೋಟೆಲಿನಲ್ಲಿ. ಹೋಗುವುದು ಬರುವುದು ತನ್ನ ಬಸ್ಸಿನಲ್ಲೇ, ಅವನ ಬೈಕಿನಲ್ಲಿ ಅಲ್ಲ. ಹೋಂಸ್ಟೇ, ರೂಮು, ಸಂಜೆ ಹೊತ್ತಿನ ಬೀಚ್ ಬೇಡ. ಎಲ್ಲಿಗೆ, ಯಾರ ಜೊತೆ, ಎಷ್ಟು ಗಂಟೆಗೆ ವಾಪಸ್ ಎಂದು ಒಬ್ಬ ಗೆಳತಿಗೆ ಬರೆದಿಟ್ಟು ಹೋಗಬೇಕು. ಟಿಂಡರ್‌ನಲ್ಲಿ ಭೇಟಿಯ ವಿವರವನ್ನು ಗೆಳತಿಗೆ ಕಳಿಸುವ ಸೌಲಭ್ಯವನ್ನೇ 2024ರಲ್ಲಿ ಕೊಟ್ಟಿದ್ದಾರೆ. ಕುಡಿಯುವ ಲೋಟ ಬಿಟ್ಟು ಎದ್ದು ಹೋಗಬಾರದು. ನಮ್ಮ ಕರಾವಳಿಯಲ್ಲಿ ಇನ್ನೊಂದು ಭಯವೂ ಇದೆ. ಹುಡುಗ ಹುಡುಗಿ ಒಟ್ಟಿಗೆ ಕೂತರೆ ಗುಂಪು ಕಟ್ಟಿ ಬಂದು ಪ್ರಶ್ನೆ ಮಾಡುವವರು, ವಿಡಿಯೊ ಮಾಡುವವರು. 2009ರಲ್ಲಿ ಮಂಗಳೂರಿನ ಪಬ್‌ನಲ್ಲಿ ಹುಡುಗಿಯರಿಗೆ ಹೊಡೆದದ್ದು ನಮಗೆಲ್ಲ ನೆನಪಿದೆ. ಹೀಗೆ ತಡೆದು ನಿಲ್ಲಿಸಲು ಯಾರಿಗೂ ಅಧಿಕಾರ ಇಲ್ಲ. ಕೂಡಲೇ 112ಕ್ಕೆ ಫೋನ್ ಮಾಡಬೇಕು.

ಬೆದರಿಕೆ ಬಂದರೆ

ಇಲ್ಲಿ ಹೆಚ್ಚಿನವರು ಮಾಡುವುದು ಎರಡು ಕೆಲಸ. ದುಡ್ಡು ಕಳಿಸುತ್ತಾರೆ, ಇಲ್ಲವೇ ಹೆದರಿ ಎಲ್ಲವನ್ನೂ ಅಳಿಸಿಬಿಡುತ್ತಾರೆ. ಎರಡೂ ಬೇಡ.

ಮೀಟರ್ ಬಡ್ಡಿಯವನ ಕೈಗೆ ಸಿಕ್ಕವರ ಕಥೆ ನಮಗೆ ಗೊತ್ತು. ಕಟ್ಟಿದಷ್ಟೂ ಅಸಲು ಹಾಗೇ ಇರುತ್ತದೆ. ಇದೂ ಹಾಗೆಯೇ, ಒಮ್ಮೆ ಕೊಟ್ಟರೆ ಇವಳು ಕೊಡುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಇನ್ನು ಚಾಟ್ ಅಳಿಸಿದರೆ ಸಾಕ್ಷಿ ಹೋಯಿತು. ಟಿಂಡರ್‌ನಲ್ಲಿ ಮ್ಯಾಚ್ ತೆಗೆದರೆ ಹಳೆಯ ಮಾತುಕತೆಯೂ ಕಾಣದಂತಾಗುತ್ತದೆ. ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್: ಅವನ ಹೆಸರು, ಫೋಟೊ, ನಂಬರ್, ಬೆದರಿಕೆಯ ಮಾತು, ದುಡ್ಡು ಕೇಳಿದ ಯುಪಿಐ ಐಡಿ, ತಾರೀಕು. ಆಮೇಲೆ ದೂರು, ಆಮೇಲೆ ಬ್ಲಾಕ್.

ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದರೆ ದುಡ್ಡನ್ನು ದಾರಿಯಲ್ಲೇ ತಡೆಯಲು ಸಾಧ್ಯವಾಗಬಹುದು. ಸರಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ ಮೇಲಿನ ಇಂಥ ಅಪರಾಧಗಳಿಗೆ ಬೇರೆಯೇ ವಿಭಾಗ ಇದೆ, ಹೆಸರು ಹೇಳದೆಯೂ ತಿಳಿಸಬಹುದು. ಜಿಲ್ಲೆಯಲ್ಲಿ ಸಿಇಎನ್ ಎಂದು ಕರೆಯುವ ಸೈಬರ್ ಅಪರಾಧ ಠಾಣೆ ಇರುತ್ತದೆ. ಹತ್ತಿರದ ಯಾವ ಠಾಣೆಗೆ ಹೋದರೂ "ಇದು ನಮ್ಮ ವ್ಯಾಪ್ತಿಯಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಅದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಮಾತಾಡಲು ಧೈರ್ಯ ಬೇಕಾದರೆ ಮಹಿಳಾ ಸಹಾಯವಾಣಿ 181 ಇದೆ.

ಫೋಟೊ ಹರಡುವ ಭಯ ಇದ್ದರೆ ಸ್ಟಾಪ್ ಎನ್‌ಸಿಐಐ ಡಾಟ್ ಆರ್ಗ್ ಎಂಬ ಉಚಿತ ವ್ಯವಸ್ಥೆ ಇದೆ. 18 ತುಂಬಿದವರಿಗೆ ಇದು. ಅಲ್ಲಿ ಫೋಟೊ ಕಳಿಸಬೇಕಾಗಿಲ್ಲ. ಫೋನಿನಲ್ಲೇ ಆ ಫೋಟೊಗೆ ಒಂದು ಗುರುತು ಸಂಖ್ಯೆ ತಯಾರಾಗುತ್ತದೆ, ಅದು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಬಂಬಲ್ ಮುಂತಾದ ಕಂಪನಿಗಳು ಅದನ್ನು ನೋಡಿ ತಮ್ಮಲ್ಲಿ ಆ ಚಿತ್ರ ಹರಡದಂತೆ ತಡೆಯುತ್ತವೆ. 18 ಆಗದ ಮಕ್ಕಳಿಗೆ ಟೇಕ್ ಇಟ್ ಡೌನ್ ಎಂಬ ಇಂಥದೇ ವ್ಯವಸ್ಥೆ ಇದೆ. ಖಾಸಗಿ ಚಿತ್ರದ ದೂರು ಬಂದರೆ ಕಂಪನಿಗಳು ಅದನ್ನು ದಿನಗಟ್ಟಲೆ ಇಟ್ಟುಕೊಳ್ಳುವಂತಿಲ್ಲ, ಗಂಟೆಗಳ ಲೆಕ್ಕದಲ್ಲಿ ತೆಗೆಯಬೇಕು ಎಂದು ನಿಯಮವಿದೆ.

"ಅವಳೇ ಕಳಿಸಿದ್ದಲ್ಲವಾ, ಯಾವ ಬಾಯಲ್ಲಿ ದೂರು ಕೊಡುವುದು?" ಎಂದು ಕೇಳುವವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ನೋಡಿ. ಖಾಸಗಿ ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ, ಬೇರೆಯವರಿಗೆ ಹಂಚಲು ಒಪ್ಪಿಲ್ಲದಿದ್ದರೆ, ಹಂಚಿದವನೇ ಅಪರಾಧಿ. 78ನೇ ಕಲಂ ಬೇಡವೆಂದರೂ ಬೆನ್ನುಹತ್ತುವುದಕ್ಕೆ, ಅದು ಆನ್‌ಲೈನ್‌ನಲ್ಲಿ ಆದರೂ ಅನ್ವಯ. ಮದುವೆಯಾಗುವ ಮನಸ್ಸೇ ಇಲ್ಲದೆ ಮದುವೆಯ ಮಾತು ಕೊಟ್ಟು ದೇಹ ಸಂಬಂಧ ಮಾಡಿದರೆ 69ನೇ ಕಲಂ ಪ್ರಕಾರ 10 ವರ್ಷದವರೆಗೆ ಶಿಕ್ಷೆ ಆಗಬಹುದು.

ಮನೆಯಲ್ಲಿ ಏನು ಮಾತಾಡುವುದು?

ಬ್ಲ್ಯಾಕ್‌ಮೇಲ್ ಮಾಡುವವನ ಕೈಯಲ್ಲಿರುವ ಆಯುಧ ಫೋಟೊ ಅಂತ ನಾವು ತಿಳಿದಿದ್ದೇವೆ. ನಿಜವಾದ ಆಯುಧ "ನಿಮ್ಮ ಅಮ್ಮನಿಗೆ ಕಳಿಸ್ತೇನೆ" ಎಂಬ ಮಾತು. ಅಮ್ಮನಿಗೆ ಮೊದಲೇ ಗೊತ್ತಿದ್ದರೆ ಆ ಮಾತಿಗೆ ಬೆಲೆಯೇ ಇಲ್ಲ. ಹುಡುಗಿ ಯಾಕೆ ಹೇಳುವುದಿಲ್ಲ? ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ, ಸಿಕ್ಕಿದವನಿಗೆ ಮದುವೆ ಮಾಡಿಬಿಡುತ್ತಾರೆ, ಅಪ್ಪ ಅಣ್ಣ ಹೊಡೆಯುತ್ತಾರೆ. ಅವಳ ಭಯ ಸುಳ್ಳಲ್ಲ, ಅಕ್ಕಪಕ್ಕದಲ್ಲಿ ಅವಳು ಅದನ್ನು ಕಂಡಿದ್ದಾಳೆ. ಮೂರು ವರ್ಷದ ಡಿಗ್ರಿ, ಅದಕ್ಕೆಂದು ಸಂಘದಿಂದ ತೆಗೆದ ಸಾಲ, ಎಲ್ಲ ಒಂದು ಫೋನ್ ಕರೆಗೆ ಮುಗಿದುಹೋಗಬಹುದು ಅಂತ ಅವಳಿಗೆ ಗೊತ್ತು.

ಆದ್ದರಿಂದ ಏನೂ ಆಗದಿರುವಾಗಲೇ ಒಂದು ಮಾತು ಹೇಳಿಡಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ ಹೇಳಿದರೂ ಸಾಕು, ಎದುರು ಕೂರಿಸಿಕೊಂಡು ಭಾಷಣ ಬೇಡ. "ಎಂಥದೇ ಆಗಲಿ ಮಗಾ, ನೀನು ಬಂದು ಹೇಳಿದರೆ ನಿನ್ನ ಕಾಲೇಜು ನಿಲ್ಲಿಸುವುದಿಲ್ಲ. ಬೈಯಬೇಕೆಂದಿದ್ದರೆ ಆಮೇಲೆ ಬೈಯುತ್ತೇನೆ, ಮೊದಲು ಠಾಣೆಗೆ ಜೊತೆಯಲ್ಲಿ ಬರುತ್ತೇನೆ." ಹೇಳಿದ ಮೇಲೆ ನಡೆದುಕೊಳ್ಳಬೇಕು. ಅವಳ ಫೋನನ್ನು ಕದ್ದು ನೋಡಿ, ಅದನ್ನೇ ಆಮೇಲೆ ಜಗಳದಲ್ಲಿ ಎತ್ತಿ ಆಡಿದರೆ ಅವಳು ಮುಂದೆ ಏನನ್ನೂ ಹೇಳುವುದಿಲ್ಲ. ಅಮ್ಮನ ಹತ್ತಿರ ಬಾಯಿ ಬರದಿದ್ದರೆ ಚಿಕ್ಕಮ್ಮ, ಅತ್ತಿಗೆ, ಸಂಘದ ಪ್ರತಿನಿಧಿ ಯಾರಾದರೂ ಒಬ್ಬರು ಇರಲಿ. ಯಾರೆಂದು ಅವಳೇ ಆರಿಸಲಿ.

ಸಭೆಯಲ್ಲಿ ಚರ್ಚಿಸಲು

ದೆಹಲಿಯ ಆ ಹುಡುಗಿ ನಮ್ಮೂರಿನವಳಾಗಿದ್ದರೆ ಮನೆಯಲ್ಲಿ ಹೇಳುತ್ತಿದ್ದಳೇ? ಹೇಳಿದ್ದರೆ ಮೊದಲ ದಿನ ಏನಾಗುತ್ತಿತ್ತು?

ಠಾಣೆಗೆ ಒಬ್ಬಳೇ ಹೋಗಲು ಹೆದರುವ ತಾಯಿಯ ಜೊತೆ ಹೋಗಲು ನಮ್ಮ ಸಂಘದಿಂದ ಯಾವ ಇಬ್ಬರು ಸಿದ್ಧ? ಹೆಸರುಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಸಭೆಗೆ ಬಂದಿರುವ ಹೆಣ್ಣುಮಕ್ಕಳಲ್ಲಿ ಒಬ್ಬಳು ಯಾವುದಾದರೂ ಒಂದು ಆ್ಯಪ್‌ನ ಕುಂದುಕೊರತೆ ಅಧಿಕಾರಿಯ ಹೆಸರನ್ನು ಹುಡುಕಿ ತೋರಿಸಲಿ. ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ. 1930, 181 ಮತ್ತು 112, ಈ ಮೂರು ನಂಬರುಗಳನ್ನು ಎಲ್ಲರೂ ಪಾಸ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ.